ಕ್ಯಾಶ್‌ಗೆ ‘ಕೈಗಣಜ’ ಎನ್ನಬಹುದೇ? ‘ತಂಗಳು ದತ್ತಾಂಶ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಜಾವಾ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಡೇಟಾಬೇಸಿನಿಂದ ಮಾಹಿತಿ ತರುವ ಕೆಲಸವನ್ನು ಚುರುಕುಗೊಳಿಸುವ ಅಧ್ಯಾಯಕ್ಕೆ ಬಂದು ‘ಕ್ಯಾಶ್’ (cache) ಎಂಬ ಪದದ ಮುಂದೆ ನಿಂತುಬಿಟ್ಟಿದ್ದೇನೆ. ಮತ್ತೆ ಮತ್ತೆ ಬೇಕಾಗುವ ಮಾಹಿತಿಯ ನಕಲನ್ನು ಬೇಗ ಸಿಗುವಂತೆ ಹತ್ತಿರ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗವಿದು. ಕರಡಿನಲ್ಲಿ ‘ಕ್ಯಾಶ್ ಖಾಲಿ ಮಾಡಿ’ ಎಂದು ಬರೆದಿದ್ದೆ. ಉದಾಹರಣೆ ಬ್ಯಾಂಕಿನದಾಗಿತ್ತು. ಕರಡು ತಿದ್ದಿದವರು ಅದನ್ನು ‘ನಗದು ಖಾಲಿ ಮಾಡಿ’ ಎಂದು ಬದಲಿಸಿ ಕಳುಹಿಸಿದರು. ಅವರದು ತಪ್ಪೆನ್ನಲಾರೆ, ನಮ್ಮ ಲಿಪಿಯಲ್ಲಿ ನಗದಿನ cash, ಈ cache ಎರಡೂ ಒಂದೇ.

ಪದದ ಬೇರು ಫ್ರೆಂಚಿನಲ್ಲಿದೆ, ಅರ್ಥ ‘ಬಚ್ಚಿಡು’. ಉತ್ತರ ಅಮೆರಿಕದ ಕಾಡುಗಳಲ್ಲಿ ಬೇಟೆಗಾರರು ನೆಲದಲ್ಲಿ ಹೂತಿಡುತ್ತಿದ್ದ ದಿನಸಿಗೆ ಆ ಹೆಸರಿತ್ತು. 1968ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಮಾದರಿ 85ರ ವೇಗದ ಸ್ಮೃತಿಯನ್ನು ವಿವರಿಸುವಾಗ ಅದನ್ನೇ ಬಳಸಿತು. ಇದನ್ನು ಓದಿದಾಗ ನೆಲದಡಿ ಕಾಳು ತುಂಬಿಡುವ ನಮ್ಮ ಉತ್ತರ ಕರ್ನಾಟಕದ ಹಗೇವು ಇದೆಯಲ್ಲ ಎಂದು ಹಿಗ್ಗಿದೆ. ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಹಗೇವಿನ ಬಾಯಿ ತೆರೆದರೆ ಕೆಟ್ಟ ಗಾಳಿ ಹೋಗುವವರೆಗೆ ಒಳಗಿಳಿಯುವಂತಿಲ್ಲ. ಕ್ಯಾಶ್‌ನ ಗುಣವೋ ಕೈಚಾಚಿದರೆ ಸಿಗುವುದು. ‘ಸಂಗ್ರಹ’ ಎಂದರೆ ಡೇಟಾಬೇಸ್ ಕೂಡ ಸಂಗ್ರಹವೇ.

ಆದ್ದರಿಂದ ಡೇಟಾಬೇಸನ್ನು ಕಣಜ ಎಂದುಕೊಂಡು, ಕ್ಯಾಶ್‌ಗೆ ‘ಕೈಗಣಜ’ ಎಂದು ಹೊಸೆದಿದ್ದೇನೆ. ಕೈಗಡದಲ್ಲಿರುವ ‘ಕೈ’ ಇಲ್ಲಿಯದೂ: ಸಣ್ಣದು, ಹತ್ತಿರದ್ದು, ತಾತ್ಕಾಲಿಕ. ಜಾವಾ ಪ್ರೋಗ್ರಾಂಗೂ ಡೇಟಾಬೇಸಿಗೂ ನಡುವೆ ನಿಂತು ಕೆಲಸ ಮಾಡುವ ಹೈಬರ್ನೇಟ್‌ ಎಂಬ ತಂತ್ರಾಂಶದಲ್ಲಿ ಪ್ರತಿಯೊಂದು ಸೆಷನ್‌ಗೂ (ಡೇಟಾಬೇಸಿನೊಡನೆ ನಡೆಸುವ ಒಂದು ಸುತ್ತಿನ ವ್ಯವಹಾರಕ್ಕೂ) ತನ್ನದೇ ಆದ ಮೊದಲ ಹಂತದ ಕ್ಯಾಶ್ ಇರುತ್ತದೆ, ಬೇಡವೆಂದರೂ ಬಿಡದು. ಎರಡನೆಯ ಹಂತದ್ದು ಎಲ್ಲ ಸೆಷನ್‌ಗಳಿಗೂ ಸೇರಿದ್ದು, ನಾವೇ ಕೇಳಿ ಹಾಕಿಸಿಕೊಳ್ಳಬೇಕಾದದ್ದು. ಇವಕ್ಕೆ ‘ಸ್ವಂತ ಕೈಗಣಜ’, ‘ಹಂಚಿಕೆಯ ಕೈಗಣಜ’ ಎನ್ನುವುದು ಹಂತಗಳ ಲೆಕ್ಕಕ್ಕಿಂತ ನನಗೆ ಹಿಡಿಸುತ್ತದೆ.

ನಿಜವಾದ ತೊಡಕು ಮುಂದಿದೆ. ಬೇರೊಂದು ಪ್ರೋಗ್ರಾಂ ನೇರವಾಗಿ ಡೇಟಾಬೇಸಿಗೆ ಹೋಗಿ ಬೆಲೆ ತಿದ್ದಿತೆನ್ನಿ. ಹಂಚಿಕೆಯ ಕ್ಯಾಶ್‌ಗೆ ಅದರ ಸುಳಿವೇ ಇರುವುದಿಲ್ಲ, ಹಳೆಯ ಬೆಲೆಯನ್ನೇ ಬಡಿಸುತ್ತಿರುತ್ತದೆ. ಇಂಗ್ಲಿಷಿನಲ್ಲಿ ‘stale’ ಎನ್ನುವ ಈ ದತ್ತಾಂಶವನ್ನು ‘ಹಳಸಿದ್ದು’ ಎಂದು ಕೆಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ರಾತ್ರಿಯ ಅನ್ನ ಬೆಳಗ್ಗೆ ತಂಗಳು. ಒಗ್ಗರಣೆ ಹಾಕಿ ತಿನ್ನುತ್ತೇವೆ. ಹಳಸಿದ್ದನ್ನು ಚೆಲ್ಲುತ್ತೇವೆ. ಕ್ಯಾಶ್ ಬಳಸುವವನು ತೀರ್ಮಾನಿಸಬೇಕಾದದ್ದೂ ಇದನ್ನೇ. ಜಿಲ್ಲೆಗಳ ಪಟ್ಟಿ ಒಂದು ದಿನದಷ್ಟು ತಂಗಳಾದರೂ ಯಾರ ಹೊಟ್ಟೆಯೂ ಕೆಡುವುದಿಲ್ಲ. ಖಾತೆಯ ಬಾಕಿ ಅರೆಗಳಿಗೆ ತಂಗಳಾದರೂ ಹಳಸಿದಂತೆಯೇ. ಕ್ಯಾಶ್‌ನಲ್ಲಿಟ್ಟ ನಮೂದಿಗೆ ನಾವು ನಿಗದಿಮಾಡುವ ಆಯುಸ್ಸು ಎಂದರೆ ತಂಗಳು ಎಲ್ಲಿಯವರೆಗೆ ತಿನ್ನಲು ಯೋಗ್ಯ ಎಂಬ ಗಡುವು. ಇಂಗ್ಲಿಷಿನಲ್ಲಿ ಒಂದೇ ಪದ ಹೊರುವ ಭಾರವನ್ನು ನಮ್ಮಲ್ಲಿ ಎರಡು ಹಂಚಿಕೊಂಡಿವೆ, ಬಿಡುವುದೇಕೆ?

ಜಾಗ ಸಾಲದೆ ಹಳೆಯ ನಮೂದನ್ನು ಹೊರಹಾಕುವುದಕ್ಕೆ ಪತ್ರಿಕೆಗಳ ‘ಒಕ್ಕಲೆಬ್ಬಿಸು’ ಹೊಳೆಯಿತು, ಆದರೆ ಬುಲ್ಡೋಜರ್ ಕಣ್ಣಮುಂದೆ ಬರುತ್ತದೆ. ‘ಹೊರದೂಡು’ ಸಾಕೇ? ಬೇಕಾದಾಗ ಮಾತ್ರ ದತ್ತಾಂಶ ತರುವ ಕ್ರಮವನ್ನು ಇಂಗ್ಲಿಷಿನ ‘lazy’ಯಂತೆ ‘ಸೋಮಾರಿ’ ಎನ್ನಲು ಮನಸ್ಸಿಲ್ಲ, ‘ಬೇಕಾದಾಗ ತರುವುದು’ ಎಂದೇ ಇಟ್ಟಿದ್ದೇನೆ. ಆದರೆ ನೂರು ಬಿಲ್ಲುಗಳನ್ನು ಡೇಟಾಬೇಸಿಗೆ ಹಾಕುವ ಒಂದೇ ಪ್ರಶ್ನೆಯಲ್ಲಿ (ಕ್ವೆರಿ) ತಂದು, ಪ್ರತಿ ಬಿಲ್ಲಿನ ಗ್ರಾಹಕನಿಗೂ ಮತ್ತೊಂದರಂತೆ 101 ಸಲ ಡೇಟಾಬೇಸಿಗೆ ಅಲೆಯುವ ‘ಎನ್+1’ ದೋಷಕ್ಕೆ ಹೆಸರು ಹೊಳೆದಿಲ್ಲ. ಮೆಣಸಿನಕಾಯಿಗೊಮ್ಮೆ, ಕೊತ್ತಂಬರಿಗೊಮ್ಮೆ ಸಂತೆಗೆ ಓಡುವವರನ್ನು ನಿಮ್ಮ ಕಡೆ ಏನೆಂದು ಬೈಯುತ್ತಾರೆ?