‘ಸ್ಯಾಂಪಲ್ ಕಂಟಾಮಿನೇಟ್ ಆಗಿದೆ’ ಅನ್ನೋದಕ್ಕೆ ‘ತಾಗಿದೆ’ ಅಂದರೆ ಆದೀತೇ?

ಗೆಳೆಯರೇ, ನಮಸ್ಕಾರ.

ಮಂಗಳೂರಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಅಂಟಿಸುವ ಸೂಚನೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇರುವುದು ಒಂದೇ ಪುಟ. ಮೂರು ದಿನದಿಂದ ಒಂದೇ ಪದದಲ್ಲಿ ಸಿಕ್ಕಿಬಿದ್ದಿದ್ದೇನೆ.

ವಿಷಯ ಇಷ್ಟು. ಜ್ವರ ಇಳಿಯದ ರೋಗಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಅಂತ ತಿಳಿಯಲು ಬ್ಲಡ್ ಕಲ್ಚರ್ ಮಾಡುತ್ತಾರೆ. ರಕ್ತವನ್ನು ಬಾಟಲಿಗೆ ಹಾಕಿ, ಸಾಮಾನ್ಯವಾಗಿ 5 ದಿನ ಬೆಚ್ಚಗಿಟ್ಟು, ಏನಾದರೂ ಬೆಳೆಯುತ್ತದಾ ಅಂತ ನೋಡುತ್ತಾರೆ. (ಮೊಬೈಲಿನ ಅನುವಾದ ಇದನ್ನು ‘ರಕ್ತ ಸಂಸ್ಕೃತಿ’ ಮಾಡಿತ್ತು. ನಕ್ಕು ಮುಂದೆ ಹೋದೆ.) ಆದರೆ ನಮ್ಮೆಲ್ಲರ ಚರ್ಮದ ಮೇಲೂ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಥರದ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಚರ್ಮ ಸರಿಯಾಗಿ ಶುಚಿ ಮಾಡದಿದ್ದರೆ ಸೂಜಿಯ ಜೊತೆ ಅದೂ ಬಾಟಲಿಗೆ ಹೋಗುತ್ತದೆ, ಅಲ್ಲಿ ಸೊಂಪಾಗಿ ಬೆಳೆಯುತ್ತದೆ. ರೋಗಿಯ ರಕ್ತದಲ್ಲಿ ಏನೂ ಇಲ್ಲದಿದ್ದರೂ ರಿಪೋರ್ಟು ಪಾಸಿಟಿವ್. ಇದಕ್ಕೇ ಸ್ಯಾಂಪಲ್ ‘ಕಂಟಾಮಿನೇಟ್’ ಆಗಿದೆ ಅನ್ನುವುದು. ರೋಗಿಗೆ ಬೇಡದ ಆಂಟಿಬಯಾಟಿಕ್, ಜಾಸ್ತಿ ದಿನದ ಬೆಡ್ಡು, ಜಾಸ್ತಿ ಬಿಲ್ಲು. ಇಂಥವು 100ಕ್ಕೆ 3ನ್ನು ದಾಟಬಾರದು ಅನ್ನೋದು ಲ್ಯಾಬಿನವರ ಹಳೆಯ ಲೆಕ್ಕ. ಈಗ 1ಕ್ಕೆ ಇಳಿಸಿ ಅನ್ನುತ್ತಾರೆ.

ಮೊದಲು ‘ರಕ್ತ ಕಲುಷಿತವಾಗಿದೆ’ ಅಂತ ಬರೆದೆ. ಅತ್ತೆಗೆ ಓದಿ ಹೇಳಿದೆ. ‘ಅಯ್ಯೋ ದೇವರೇ, ರಕ್ತವೇ ಕೆಟ್ಟುಹೋಯಿತಾ? ಇನ್ನು ಉಳಿಯುವುದುಂಟಾ?’ ಅಂದರು. ಆ ಪದ ಅಲ್ಲಿಗೆ ಮುಗಿಯಿತು. ಕೆಟ್ಟದ್ದು ಬಾಟಲಿಯಲ್ಲಿರುವುದು, ಮೈಯೊಳಗಿನದ್ದಲ್ಲ.

‘ಕಲಬೆರಕೆ’ ಅನ್ನೋಣ ಅಂದರೆ ಅದರಲ್ಲಿ ಮೋಸದ ವಾಸನೆ. ತೆಂಗಿನೆಣ್ಣೆಗೆ ಬೇರೆ ಎಣ್ಣೆ ಸೇರಿಸಿದ ಹಾಗೆ. ನರ್ಸುಗಳು ನನ್ನನ್ನು ಸುಮ್ನೆ ಬಿಟ್ಟಾರೇ?

‘ಮೈಲಿಗೆ’ ಅಂತೂ ಅಳತೆ ತೆಗೆದು ಹೊಲಿದ ಹಾಗಿದೆ. ವಿಧಾನ ನೋಡಿ. ಆಲ್ಕೋಹಾಲಿನಲ್ಲಿ ಕರಗಿಸಿದ 2% ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕದಿಂದ ಚರ್ಮವನ್ನು 30 ಸೆಕೆಂಡ್ ಉಜ್ಜಬೇಕು. ಆಮೇಲೆ ತಾನಾಗಿ ಒಣಗಬೇಕು. ಊದಬಾರದು, ಒರೆಸಬಾರದು, ನರ ಸಿಗಲಿಲ್ಲ ಅಂತ ಮತ್ತೆ ಬೆರಳು ಇಡಬಾರದು. ಬೆರಳಿಟ್ಟರೆ ಮೊದಲಿನಿಂದ ಶುರು. ಉಡುಪಿ ಕಡೆಯ ನರ್ಸ್ ಒಬ್ಬರು ‘ನಮ್ಮ ಅಜ್ಜಿಯ ಮಡಿಯ ಹಾಗೆಯೇ ಅಲ್ವಾ ಸರ್’ ಅಂದರು. ಹೌದು. ಆದರೆ ಆ ಪದವನ್ನು ನಾವು ವಸ್ತುವಿಗೆ ಮಾತ್ರ ಅಂಟಿಸಿದವರಲ್ಲ, ಮನುಷ್ಯರಿಗೂ ಅಂಟಿಸಿದವರು. ರೋಗಿಯ ಮಂಚದ ಮೇಲಿನ ಗೋಡೆಗೆ ಅದು ಬೇಡ.

ಉಳಿದದ್ದು ‘ಸೋಂಕು’. ಇಲ್ಲೇ ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಹೊರತಂದ ಕಿಟೆಲ್ ನಿಘಂಟನ್ನು ತೆಗೆದು ನೋಡಿದರೆ ಸೋಂಕು ಅಂದರೆ ಮುಟ್ಟುವುದು. ಆ ಅರ್ಥ ಉಳಿದಿದ್ದರೆ ನನ್ನ ಕೆಲಸ ಅರ್ಧ ನಿಮಿಷದ್ದು. ಈಗ ಸೋಂಕು ಅಂದರೆ ರೋಗ ಹತ್ತಿದೆ ಅಂತಲೇ. ನಾವು ಹೇಳಬೇಕಾದದ್ದು ಸರಿಯಾಗಿ ಅದರ ವಿರುದ್ಧ: ರೋಗ ಹತ್ತಿಲ್ಲ, ಬಾಟಲಿಗೆ ಚರ್ಮದ್ದು ಮುಟ್ಟಿದೆ ಅಷ್ಟೇ.

ಹಾಗೆ ಯೋಚಿಸುವಾಗ ಹೊಳೆದದ್ದು ನಮ್ಮ ಕರಾವಳಿಯ ‘ತಾಗು’. ಹುಳಿ ತಾಗಿ ಹಾಲು ಒಡೆಯಿತು ಅನ್ನುತ್ತೇವೆ. ಹಾಲಿನಲ್ಲಿ ದೋಷ ಇರಲಿಲ್ಲ, ಹೊರಗಿನದ್ದೊಂದು ತಾಗಿತು. ಯಾರ ಮೇಲೂ ಆರೋಪ ಇಲ್ಲ. ‘ಸ್ಯಾಂಪಲ್‌ಗೆ ಚರ್ಮದ ಬ್ಯಾಕ್ಟೀರಿಯಾ ತಾಗಿದೆ, ಮತ್ತೊಮ್ಮೆ ರಕ್ತ ತೆಗೆಯಬೇಕು’ ಅಂತ ಬರೆದು ಅತ್ತೆಗೆ ಓದಿದೆ. ‘ಸರಿ, ತೆಗೆಯಲಿ’ ಅಂದರು.

ನನ್ನ ಪ್ರಶ್ನೆ ಎರಡು. ಘಟ್ಟದ ಮೇಲಿನವರಿಗೆ ‘ತಾಗು’ ಅಂದರೆ ಕಾಲಿಗೆ ಕಲ್ಲು ತಾಗಿದ ಹಾಗೆ, ಪೆಟ್ಟಾಗುವುದು ಅಂತಲೇ ಮೊದಲು ಕೇಳಿಸುತ್ತದಾ? ಈ ಆಸ್ಪತ್ರೆಗೆ ಹಾವೇರಿ, ಶಿವಮೊಗ್ಗದ ರೋಗಿಗಳೂ ಬರುತ್ತಾರೆ. ಇನ್ನೊಂದು, ‘ಉಜ್ಜಿ’ ಅನ್ನೋದರ ಬಗ್ಗೆ. ‘ಒರೆಸಿ’ ಅಂದರೆ ಸ್ಪಿರಿಟ್ ಹತ್ತಿಯಿಂದ ಒಂದು ಸಲ ಸವರಿ ಮುಗಿಸಿಬಿಡುತ್ತಾರೆ, ಅದಕ್ಕೇ ‘ಉಜ್ಜಿ’ ಹಾಕಿದೆ. ಪಾತ್ರೆ ಉಜ್ಜಿದ ಹಾಗೆ ಉಜ್ಜಿ ವಯಸ್ಸಾದವರ ಚರ್ಮ ಕಿತ್ತುಬಂದೀತು ಅಂತ ಮೇಲ್ವಿಚಾರಕಿಯ ಆಕ್ಷೇಪ. ನಡುವಿನ ಪದ ಯಾವುದಾದರೂ ಉಂಟಾ? ಸೋಮವಾರ ಅಚ್ಚಿಗೆ ಕೊಡಬೇಕು.