ವಿಂಡೋಸ್ 11ರ ಪಟ್ಟಿಯಲ್ಲಿಲ್ಲದ ಪಿಸಿಗೆ ಮುಂದೇನು: ಬೈಪಾಸ್, ಲಿನಕ್ಸ್, ಇಲ್ಲಾ ಮ್ಯಾಕ್ ಮಿನಿ?

ಏಳನೇತಲೆಮಾರು (ಪ್ರಶ್ನೆ)

ಪಿಸಿ ಇಂಟೆಲ್ ಐ5-7500, 16 ಜಿಬಿ ರ್‍ಯಾಮ್, 250 ಜಿಬಿ ಸಾಟಾ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10, ಡೇಟಾಗೆ 1 ಟಿಬಿ ಹಾರ್ಡ್ ಡಿಸ್ಕ್ (ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ), ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ, 27 ಇಂಚಿನ 2560×1440 ಮಾನಿಟರ್. ವೇಗದ ಬಗ್ಗೆ ದೂರಿಲ್ಲ. ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, 11 ಹಾಕಲು ಹೋದರೆ "ಈ ಪಿಸಿ ಅರ್ಹವಲ್ಲ" ಅನ್ನುತ್ತೆ.

ಆಗಬೇಕಾದ ಕೆಲಸಗಳು: ಮ್ಯಾಕ್ರೋ ಇರುವ ಎಕ್ಸೆಲ್ ಫೈಲುಗಳು, ಪೈಥಾನ್, ಲೈಟ್‌ರೂಮ್‌ನಲ್ಲಿ ರಾ ಫೋಟೊ ತಿದ್ದೋದು, ಸ್ಟೀಮ್‌ನಲ್ಲಿ ಒಂದಷ್ಟು ಆಟ, ಯುಎಸ್‌ಬಿಗೆ ಜೋಡಿಸಿದ ಹಳೇ ಲೇಸರ್ ಪ್ರಿಂಟರ್. ಅರ್ಹತೆಯ ತಪಾಸಣೆಯನ್ನು ಬೈಪಾಸ್ ಮಾಡಿ (ತಪ್ಪಿಸಿ) ವಿಂಡೋಸ್ 11 ಹಾಕೋದಾ, ಲಿನಕ್ಸ್‌ಗೆ ಹೋಗೋದಾ (ಯಾವುದು?), ಇಲ್ಲಾ ಇದನ್ನು ಬದಿಗಿಟ್ಟು ಮ್ಯಾಕ್ ಮಿನಿ ತರೋದಾ? "ನಂಗಿದು ಇಷ್ಟ" ಅನ್ನೋದಕ್ಕಿಂತ ಎಲ್ಲಿ ಕೈಕೊಡುತ್ತೆ ಅನ್ನೋದನ್ನ ಹೇಳಿದರೆ ಉಪಕಾರ.

---

ಕಿಟಕಿಪಕ್ಕ

ಮೊದಲು ಗಡಿಬಿಡಿ ಬಿಡಿ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆಗೆದರೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿ ಅಂತ ಕೊಂಡಿ ಇರುತ್ತೆ. ವಿಂಡೋಸ್ 10 22ಎಚ್2 ಆವೃತ್ತಿ, ಮೈಕ್ರೋಸಾಫ್ಟ್ ಖಾತೆ ಎರಡೂ ಇದ್ದು, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತೆ. ಅದು ಚಾಲ್ತಿಯಲ್ಲಿ ಇರುವಾಗಲೇ ಬೇರೆ ದಾರಿಗಳನ್ನು ಪರೀಕ್ಷೆ ಮಾಡಿಕೊಳ್ಳಿ.

ಈಗ ಬೈಪಾಸ್ ವಿಷಯ. ನಿಮ್ಮ ಪಿಸಿಯಲ್ಲಿ ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಘಟಕ) ಇಲ್ಲ ಅಂದ್ಕೊಂಡಿದ್ದರೆ ಅದು ಬಹುಶಃ ತಪ್ಪು. ಬಯೋಸ್‌ನಲ್ಲಿ (ಪಿಸಿ ಆನ್ ಆದಾಗ ವಿಂಡೋಸ್‌ಗಿಂತ ಮೊದಲು ತೆರೆಯಬಹುದಾದ ಸೆಟಪ್) ಇಂಟೆಲ್ ಪಿಟಿಟಿ ಅಂತ ಒಂದು ಆಯ್ಕೆ ಇರುತ್ತೆ, ಆನ್ ಮಾಡಿದರೆ ಟಿಪಿಎಂ 2.0 ಕಾಣಿಸಿಕೊಳ್ಳುತ್ತೆ. ಅಡ್ಡಿ ಪ್ರೊಸೆಸರ್‌ನದ್ದು. ಇಂಟೆಲ್‌ನಲ್ಲಿ ಬೆರಳೆಣಿಕೆಯ ಅಪವಾದ ಬಿಟ್ಟರೆ ಪಟ್ಟಿ ಶುರುವಾಗೋದೇ 8ನೇ ತಲೆಮಾರಿನಿಂದ. ನಿಮ್ಮದು 7ನೆಯದು, ಹೊಸ್ತಿಲಲ್ಲೇ ತಡೆದಿದ್ದಾರೆ. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿ ನಿಜವಾಗಿ ಬೇಡುವ ಎಸ್‌ಎಸ್‌ಇ 4.2, ಪಾಪ್‌ಕೌಂಟ್ ಅನ್ನೋ ಪ್ರೊಸೆಸರ್ ಸೂಚನೆಗಳು ನಿಮ್ಮ ಚಿಪ್‌ನಲ್ಲಿವೆ. ಹಾಗಾಗಿ ಬೂಟ್ ಆಗುತ್ತೆ, ಓಡುತ್ತೆ. ಕೋರ್ 2 ಕಾಲದ ಯಂತ್ರಗಳು ಮಾತ್ರ ಇಲ್ಲಿ ಪೂರ್ತಿ ಹೊರಗೆ.

ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್ ತಯಾರಿಸುವ ರೂಫಸ್‌ನಲ್ಲಿ ವಿಂಡೋಸ್ 11 ಐಎಸ್‌ಒ (ಇನ್‌ಸ್ಟಾಲ್ ಫೈಲು) ಕೊಟ್ಟು ಸ್ಟಾರ್ಟ್ ಒತ್ತಿದಾಗ ಟಿಪಿಎಂ, ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರನ್ನು ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ), ರ್‍ಯಾಮ್ ತಪಾಸಣೆ ತೆಗೆದುಹಾಕುವ ಚೌಕ ಬರುತ್ತೆ, ಅದಕ್ಕೆ ಟಿಕ್ ಹಾಕಿ. ಪೆನ್ ಡ್ರೈವ್ 8 ಜಿಬಿ ಸಾಕು. ತೊಂದರೆ ಆಮೇಲಿನದ್ದು: ತಿಂಗಳ ಭದ್ರತಾ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತೆ, ಆದರೆ ಮೈಕ್ರೋಸಾಫ್ಟ್ ಅದಕ್ಕೆ ಖಾತರಿ ಕೊಡಲ್ಲ. ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗೇ ಬರಲ್ಲ, ಪ್ರತಿ ಸಲ ಹೊಸ ಐಎಸ್‌ಒ ಇಳಿಸಿ ಇದೇ ಸರ್ಕಸ್ ಮಾಡಬೇಕು. ಮರೆತರೆ ಆ ಆವೃತ್ತಿಯ ಅವಧಿ ಮುಗಿದು ತಿಂಗಳ ಅಪ್‌ಡೇಟೂ ನಿಲ್ಲುತ್ತೆ.

ಏನೇ ಮಾಡುವ ಮೊದಲು ಸಿಸ್ಟಮ್ ಇನ್ಫರ್ಮೇಷನ್ ತೆಗೆದು ಬಯೋಸ್ ಮೋಡ್ ಅನ್ನೋ ಸಾಲು ನೋಡಿ. ಲೆಗಸಿ ಅಂತಿದ್ದರೆ ಡಿಸ್ಕ್ ಎಂಬಿಆರ್ ಅನ್ನೋ ಹಳೇ ವಿಭಜನೆ ಕ್ರಮದಲ್ಲಿದೆ, ಸೆಕ್ಯೂರ್ ಬೂಟ್ ಸಿಗಲ್ಲ. ವಿಂಡೋಸ್ ಒಳಗೇ ಇರುವ ಎಂಬಿಆರ್‌2ಜಿಪಿಟಿಯಿಂದ ಡೇಟಾ ಅಳಿಸದೆ ಹೊಸ ಕ್ರಮ ಜಿಪಿಟಿಗೆ ಬದಲಿಸಬಹುದು, ಆಮೇಲೆ ಬಯೋಸ್‌ನಲ್ಲಿ ಲೆಗಸಿಯಿಂದ ಹೊಸ ಬಗೆಯ ಯುಇಎಫ್‌ಐ ಮೋಡ್‌ಗೆ ತಿರುಗಿಸಬೇಕು. ಬ್ಯಾಕಪ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಎಕ್ಸೆಲ್ ಮ್ಯಾಕ್ರೋ, ಲೈಟ್‌ರೂಮ್ ಎರಡೂ ದಿನಾ ಬೇಕು ಅನ್ನೋದಾದರೆ ನನ್ನ ಓಟು ವಿಂಡೋಸ್‌ಗೇ. ಸ್ಟಾರ್ಟ್ ಮೆನು ಎಷ್ಟೇ ಕಿರಿಕಿರಿ ಮಾಡಿದರೂ ಹದಿನೈದು ವರ್ಷ ಹಳೆಯ ಸಾಫ್ಟ್‌ವೇರ್ ಅದರ ಮೇಲೆ ಓಡುವಷ್ಟು ಸಲೀಸಾಗಿ ಇನ್ನೆಲ್ಲೂ ಓಡಲ್ಲ.

---

ಗ್ರಬ್‌ರೆಸ್ಕ್ಯೂ

ಕಿಟಕಿಪಕ್ಕ ಅವರು ಹೇಳಿದ್ದು ಸರಿಯೇ, ಆದರೆ ಪ್ರತಿ ವರ್ಷ ಬೈಪಾಸ್ ಮಾಡಿಕೊಂಡು ಕೂರೋದು ಮುಖ್ಯ ಕೆಲಸದ ಯಂತ್ರಕ್ಕೆ ಹೇಳಿಸಿದ್ದಲ್ಲ. ಈ ಪಿಸಿಗೆ ಲಿನಕ್ಸ್ ಮಿಂಟ್ 22 ಸಿನಮನ್ ಸರಿಹೋಗುತ್ತೆ. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಇದೆ. ಆದರೆ "ಲಿನಕ್ಸ್ ಬರುತ್ತಾ" ಅನ್ನೋದನ್ನ ನಿಮ್ಮ ಪಟ್ಟಿಯ ಒಂದೊಂದು ಸಾಲಿಗೂ ಬೇರೆಬೇರೆ ಕೇಳಬೇಕು.

ಪೈಥಾನ್‌ಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಒಂದೇ ಎಚ್ಚರಿಕೆ, ಸಿಸ್ಟಮ್ ಪೈಥಾನ್‌ಗೆ ನೇರವಾಗಿ ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಏನನ್ನೂ ಹಾಕಬೇಡಿ. 24.04 ಅದನ್ನು ತಡೆಯುತ್ತೆ, ತಡೆಯೋದೇ ಸರಿ, ಯಾಕಂದ್ರೆ ಸಿಸ್ಟಮ್‌ನ ಎಷ್ಟೋ ಸಲಕರಣೆಗಳು ಅದೇ ಪೈಥಾನ್ ಮೇಲೆ ನಿಂತಿವೆ. ಪ್ರತಿ ಪ್ರಾಜೆಕ್ಟ್‌ಗೂ ವರ್ಚುವಲ್ ಎನ್ವಿರಾನ್‌ಮೆಂಟ್ (ಅದರದ್ದೇ ಪ್ಯಾಕೇಜ್‌ಗಳ ಬೇರೆ ಜಾಗ) ಮಾಡಿಕೊಳ್ಳಿ.

ಎಕ್ಸೆಲ್: ಲಿಬ್ರೆಆಫೀಸ್ ಕ್ಯಾಲ್ಕ್ ಸಾಧಾರಣ ವಿಬಿಎ (ಎಕ್ಸೆಲ್ ಮ್ಯಾಕ್ರೋ ಬರೆಯುವ ಭಾಷೆ) ಕೋಡನ್ನು ಓಡಿಸುತ್ತೆ. ಯೂಸರ್‌ಫಾರ್ಮ್ (ಮ್ಯಾಕ್ರೋ ತೆರೆಯುವ ಫಾರ್ಮ್ ಕಿಟಕಿ), ಆಕ್ಟಿವ್‌ಎಕ್ಸ್ ಬಟನ್ ಬಂದ ಕಡೆ ಎಡವುತ್ತೆ, ಬೇರೆಡೆಯಿಂದ ಡೇಟಾ ತಂದು ಹದಗೊಳಿಸುವ ಪವರ್ ಕ್ವೆರಿಯಂತೂ ಇಲ್ಲವೇ ಇಲ್ಲ. ಪರೀಕ್ಷೆಗೆ ಲಿನಕ್ಸ್ ಹಾಕಬೇಕಿಲ್ಲ, ಈಗಿನ ವಿಂಡೋಸ್‌ನಲ್ಲೇ ಲಿಬ್ರೆಆಫೀಸ್ ಇಳಿಸಿ ನಿಮ್ಮ ಅತಿ ಜಟಿಲ ಫೈಲಿನ ನಕಲು ತೆಗೆದು ನೋಡಿ. ಮೂಲ ಫೈಲನ್ನು ತೆಗೆದು ಸೇವ್ ಮಾಡಿದರೆ ಮ್ಯಾಕ್ರೋ ಬಟನ್‌ಗಳು ಕೆಡಬಹುದು. ಓಡಲಿಲ್ಲ ಅಂದ್ರೆ ಲಿನಕ್ಸ್ ಒಳಗೇ ಇನ್ನೊಂದು ಓಎಸ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್‌ಗೆ 6 ಜಿಬಿ ರ್‍ಯಾಮ್, 2 ಕೋರ್ ಕೊಟ್ಟರೆ ಎಕ್ಸೆಲ್‌ಗೆ ಧಾರಾಳ. ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು ಅನ್ನೋದು ನೆನಪಿರಲಿ.

ಲೈಟ್‌ರೂಮ್ ಲಿನಕ್ಸ್‌ಗೆ ಇಲ್ಲ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್‌ನಲ್ಲಿ ಓಡಿಸ್ತೀನಿ ಅಂತ ಹೋಗಲೇಬೇಡಿ. ಅದರ ಬದಲಿಗೆ ರಾ ಫೋಟೊ ತಿದ್ದುವ ಡಾರ್ಕ್‌ಟೇಬಲ್ ಬಲಶಾಲಿ, ಆದರೆ ಲೈಟ್‌ರೂಮ್‌ನಲ್ಲಿ ಈಗಾಗಲೇ ಮಾಡಿದ ತಿದ್ದುಪಡಿಗಳಲ್ಲಿ ಅಲ್ಪಸ್ವಲ್ಪ ಮಾತ್ರ ದಾಟಿ ಬರುತ್ತೆ, ಬಂದದ್ದೂ ಅದೇ ಬಣ್ಣದಲ್ಲಿ ಕಾಣಲ್ಲ. ರೇಟಿಂಗ್, ಕೀವರ್ಡ್ ಬೇಕಾದರೆ ಲೈಟ್‌ರೂಮ್‌ನಲ್ಲಿ ಎಲ್ಲ ಫೋಟೊ ಆರಿಸಿ ಮೆಟಾಡೇಟಾ ಫೈಲಿಗೆ ಉಳಿಸಿಬಿಡಿ, ಎಕ್ಸ್‌ಎಂಪಿ ಫೈಲುಗಳು ಪಕ್ಕದಲ್ಲೇ ಕೂರುತ್ತವೆ.

ಆಟ: ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಬಂದಮೇಲೆ (2018) ಸ್ಟೀಮ್‌ನ ಒಬ್ಬರೇ ಆಡುವ ಆಟಗಳ ಚಿಂತೆ ಬಹಳ ಕಡಿಮೆಯಾಗಿದೆ. ಕರ್ನಲ್ (ಓಎಸ್‌ನ ತಿರುಳು) ಮಟ್ಟದ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಇರುವ ವ್ಯಾಲರಂಟ್, ಅದೇ ರೀತಿ ಫೋರ್ಟ್‌ನೈಟ್ ಓಡಲ್ಲ, ಅದಕ್ಕೆ ಮದ್ದಿಲ್ಲ. ಡೈರೆಕ್ಟ್‌ಎಕ್ಸ್ 12 ಆಟಗಳಲ್ಲಿ ನಿಮ್ಮ ಕಾರ್ಡ್ ವಿಂಡೋಸ್‌ಗಿಂತ ಹಿಂದೆ ಬೀಳುತ್ತೆ.

ಆ ಕಾರ್ಡ್ ಬಗ್ಗೆ ಇನ್ನೊಂದು ಮಾತು. 1050 ಟಿಐ ಪ್ಯಾಸ್ಕಲ್ ತಲೆಮಾರಿನದ್ದು, ಅದಕ್ಕೆ ಎನ್ವಿಡಿಯಾ ಡ್ರೈವರ್‌ನ 580 ಶಾಖೆಯೇ ಕೊನೆ. ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ 580 ಇಲ್ಲವೇ ಅದಕ್ಕಿಂತ ಕೆಳಗಿನ ಸಂಖ್ಯೆ ಆರಿಸಿ. ಹೆಸರಿನ ಕೊನೆಗೆ "ಓಪನ್" ಅಂತಿರೋದು ಟ್ಯೂರಿಂಗ್ ಮತ್ತು ನಂತರದ ಕಾರ್ಡ್‌ಗಳಿಗೆ ಮಾತ್ರ, ಅದನ್ನು ಹಾಕಿದರೆ ಡ್ರೈವರ್ ಏಳಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ, ರೀಬೂಟ್ ಆದಾಗ ನೀಲಿ ಪರದೆ ಬರುತ್ತೆ. ಅಲ್ಲಿ ಎನ್‌ರೋಲ್ ಎಂಒಕೆ (ಡ್ರೈವರ್‌ನ ಸಹಿ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಲ್ಲಿ ಕಂಟಿನ್ಯೂ ಒತ್ತಿದರೆ ಡ್ರೈವರ್ ಲೋಡ್ ಆಗಲ್ಲ, ಪರದೆ ಕಡಿಮೆ ರೆಸಲ್ಯೂಷನ್‌ಗೆ ಬೀಳುತ್ತೆ. "ಲಿನಕ್ಸ್‌ನಲ್ಲಿ ಎನ್ವಿಡಿಯಾ ಕೆಲಸ ಮಾಡಲ್ಲ" ಅನ್ನೋ ದೂರುಗಳಲ್ಲಿ ಒಳ್ಳೇ ಪಾಲು ಈ ಒಂದು ಒತ್ತಿನದ್ದು.

ಪ್ರಿಂಟರ್ ಲೈವ್ ಯುಎಸ್‌ಬಿಯಲ್ಲೇ (ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವ್‌ನಿಂದಲೇ ಓಡುವ ಮಿಂಟ್) ನೋಡಿಬಿಡಿ. ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಭಾಷೆ ಬಲ್ಲ ಪ್ರಿಂಟರ್‌ಗಳಿಗೆ ಸಮಸ್ಯೆ ಇಲ್ಲ. ಪುಟವನ್ನು ರೂಪಿಸುವ ಕೆಲಸವನ್ನೆಲ್ಲ ಪಿಸಿಯ ತಲೆಗೇ ಕಟ್ಟುವ ಅಗ್ಗದ ಲೇಸರ್‌ಗಳೇ ತಕರಾರು ಮಾಡೋದು, ಅವಕ್ಕೆ ಆಯಾ ಮಾದರಿಯ ಡ್ರೈವರೇ ಬೇಕು. ಅದೇ ಲೈವ್ ಸೆಷನ್‌ನಲ್ಲಿ ಶಬ್ದ, ವೈಫೈ, ಸಸ್ಪೆಂಡ್ ಮಾಡಿ ಎಬ್ಬಿಸೋದು, ಮೂರನ್ನೂ ಪರೀಕ್ಷಿಸಿ.

---

ಅರ್ಧಸೇಬು

ಮ್ಯಾಕ್ ಬಗ್ಗೆ ಕೇಳಿದ್ದಕ್ಕೆ. ಲೈಟ್‌ರೂಮ್‌ಗೆ, ಪೈಥಾನ್‌ಗೆ ಮ್ಯಾಕ್ ಮಿನಿ ಸೊಗಸು. ಸದ್ದಿಲ್ಲ, ಕರೆಂಟ್ ತಿನ್ನಲ್ಲ, ಟೈಮ್ ಮೆಷಿನ್‌ಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿಟ್ಟರೆ ಬ್ಯಾಕಪ್ ಬಗ್ಗೆ ಯೋಚನೆಯೇ ಇಲ್ಲ. ನಿಮ್ಮ ಪಟ್ಟಿಯ ಉಳಿದದ್ದರಲ್ಲಿ ತೊಡಕಿದೆ.

ಮ್ಯಾಕ್ ಎಕ್ಸೆಲ್‌ನಲ್ಲಿ ವಿಬಿಎ ಉಂಟು, ಆಕ್ಟಿವ್‌ಎಕ್ಸ್ ಇಲ್ಲ. ವಿಂಡೋಸ್‌ನ ಬೇರೆ ಪ್ರೋಗ್ರಾಂಗಳನ್ನು ಕರೆಯುವ ಮ್ಯಾಕ್ರೋಗಳು ಅಲ್ಲೇ ನಿಲ್ಲುತ್ತವೆ. 2019ರ ಕ್ಯಾಟಲೀನಾದಿಂದ 32-ಬಿಟ್ ಆಟಗಳು ಪೂರ್ತಿ ಹೋದವು, ಹಾಗಾಗಿ ಸ್ಟೀಮ್ ಲೈಬ್ರರಿ ಸೊರಗುತ್ತೆ. ಆ್ಯಪಲ್‌ನ ಎಂ ಸರಣಿಯ ಚಿಪ್‌ಗಳಲ್ಲಿ ಬೂಟ್ ಕ್ಯಾಂಪ್ (ಮ್ಯಾಕ್‌ನಲ್ಲಿ ವಿಂಡೋಸ್ ಹಾಕುವ ದಾರಿ) ಇಲ್ಲ. ನಿಮ್ಮ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತೆ, ಅದರ ಮೇಲೆ ಬರೆಯಲ್ಲ.

ಯಾರೂ ಮೊದಲೇ ಹೇಳದ ವಿಷಯ ಮಾನಿಟರ್‌ದು. 27 ಇಂಚಿಗೆ 1440 ಅಂದ್ರೆ ಇಂಚಿಗೆ ಸುಮಾರು 109 ಪಿಕ್ಸೆಲ್. ಮ್ಯಾಕ್‌ಓಎಸ್ 2018ರ ಮೊಹಾವಿಯಲ್ಲಿ ಸಬ್‌ಪಿಕ್ಸೆಲ್ ಸ್ಮೂಥಿಂಗ್ (ಅಕ್ಷರದ ಅಂಚು ಚೂಪಾಗಿ ಕಾಣಿಸುವ ತಂತ್ರ) ಕೈಬಿಟ್ಟಿತು, ರೆಟಿನಾ (ಪಿಕ್ಸೆಲ್ ದಟ್ಟವಾದ) ಪರದೆ ಇದೆ ಅಂದುಕೊಂಡೇ ಅಕ್ಷರ ಬಿಡಿಸುತ್ತೆ. ಐಕಾನ್‌ಗಳ ಗಾತ್ರ ಸರಿಯಿದ್ದರೂ ಅಕ್ಷರದ ಅಂಚು ಕೊಂಚ ಮಸುಕು. ಅದೇ ಮಾನಿಟರ್‌ನಲ್ಲಿ ವಿಂಡೋಸ್‌ನ ಕ್ಲಿಯರ್‌ಟೈಪ್, ಲಿನಕ್ಸ್ ಎರಡೂ ಚೂಪಾಗಿ ತೋರಿಸುತ್ತವೆ. ಕೆಲವರಿಗೆ ಇದು ಕಣ್ಣಿಗೇ ಬೀಳಲ್ಲ, ಕೆಲವರಿಗೆ ಎರಡೇ ದಿನದಲ್ಲಿ ತಲೆನೋವು. ಕೊಳ್ಳುವ ಮೊದಲು ಅಂಥದ್ದೇ ಮಾನಿಟರ್‌ಗೆ ಜೋಡಿಸಿ ನೋಡಿ. ರ್‍ಯಾಮ್ ಆಮೇಲೆ ಹೆಚ್ಚಿಸಲು ಆಗಲ್ಲ, ಆರಿಸುವಾಗಲೇ ಕೈಬಿಚ್ಚಿ ಆರಿಸಿ. ಹಳೆ ಇಂಟೆಲ್ ಮ್ಯಾಕ್ ಅಗ್ಗಕ್ಕೆ ಸಿಕ್ತು ಅಂತ ಮಾತ್ರ ಎತ್ತಿಕೊಳ್ಳಬೇಡಿ, ಅವುಗಳಿಗೆ ಮ್ಯಾಕ್‌ಓಎಸ್ 26 ಟಾಹೋ ಕೊನೆಯ ಆವೃತ್ತಿ.

---

ಡಾಟ್‌ಕಾನ್ಫಿಗ್

ಎಲ್ಲರೂ ಮಿಂಟ್ ಮಿಂಟ್ ಅನ್ನೋದ್ಯಾಕೆ? ಇನ್ನೊಂದು ಲಿನಕ್ಸ್ ಫೆಡೋರಾ ಕೆಡಿಇ ನೋಡಿ. ಮಿಂಟ್‌ನ ಡೆಸ್ಕ್‌ಟಾಪ್ ಸಿನಮನ್ ಇನ್ನೂ ಎಕ್ಸ್11 ಅನ್ನೋ ಹಳೇ ಪರದೆ ವ್ಯವಸ್ಥೆಯ ಮೇಲೆ ಕೂತಿದೆ. ಮುಂದೆ ಬೇರೆ ಸಾಂದ್ರತೆಯ ಎರಡನೇ ಮಾನಿಟರ್ ಹಾಕಿದರೆ ಒಂದರಲ್ಲಿ ಅಕ್ಷರ ಇರುವೆ, ಇನ್ನೊಂದರಲ್ಲಿ ಆನೆ. ಕೆಡಿಇಯ ಡೆಸ್ಕ್‌ಟಾಪ್ ಪ್ಲಾಸ್ಮಾ 6, ಎಕ್ಸ್11ರ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ ಓಡುವಾಗ ಒಂದೊಂದು ಮಾನಿಟರ್‌ಗೂ ಬೇರೆ ಸ್ಕೇಲ್ ಕೊಡಬಹುದು.

---

ಗ್ರಬ್‌ರೆಸ್ಕ್ಯೂ

@ಡಾಟ್‌ಕಾನ್ಫಿಗ್ ಒಂದೇ ಮಾನಿಟರ್, ಶೇ 100 ಸ್ಕೇಲ್ ಇರುವವರಿಗೆ ಆ ಲಾಭ ಸೊನ್ನೆ ಗುರು. ಫೆಡೋರಾದ ಪ್ರತಿ ಆವೃತ್ತಿಗೆ ಬೆಂಬಲ ಸುಮಾರು 13 ತಿಂಗಳು, ಕರ್ನಲ್ ಮೇಲಿಂದ ಮೇಲೆ ಬದಲಾಗುತ್ತೆ. ಬದಲಾದಾಗಲೆಲ್ಲ ಎನ್ವಿಡಿಯಾ ಮಾಡ್ಯೂಲ್ ಹೊಸದಾಗಿ ಕಟ್ಟಬೇಕು. 580ಕ್ಕೇ ನಿಂತುಬಿಟ್ಟ ಕಾರ್ಡ್‌ಗೆ ಹೊಸ ಕರ್ನಲ್‌ನ ಹಿಂದೆ ಓಡುವ ಡಿಸ್ಟ್ರೋ (ಲಿನಕ್ಸ್ ಬಗೆ) ಬೇಡ. ಎಎಂಡಿ ಕಾರ್ಡ್ ಆಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

---

ಏಳನೇತಲೆಮಾರು

ಎಲ್ಲರಿಗೂ ಧನ್ಯವಾದ. ಲಿಬ್ರೆಆಫೀಸ್‌ನಲ್ಲಿ ನಕಲು ತೆಗೆದು ನೋಡಿದೆ: ಸಣ್ಣ ಮ್ಯಾಕ್ರೋಗಳು ಓಡಿದವು, ಯೂಸರ್‌ಫಾರ್ಮ್ ಇರುವ ಫೈಲು ಓಡಲಿಲ್ಲ. ಹಾಗಾಗಿ ವಿಂಡೋಸ್ ಎಸ್‌ಎಸ್‌ಡಿ ಹಾಗೇ ಇರಲಿ, ಇನ್ನೊಂದು 500 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಮಿಂಟ್ ಅಂದ್ಕೊಂಡಿದ್ದೀನಿ. ಬಯೋಸ್ ಮೋಡ್ ಯುಇಎಫ್‌ಐ ಇದೆ. 1 ಟಿಬಿ ಡಿಸ್ಕ್ ಎರಡಕ್ಕೂ ಸಿಗಬೇಕು. ಏನೇನು ನೋಡ್ಕೋಬೇಕು?

---

ಗ್ರಬ್‌ರೆಸ್ಕ್ಯೂ

ಮಿಂಟ್ ಹಾಕುವಾಗ ವಿಂಡೋಸ್ ಎಸ್‌ಎಸ್‌ಡಿಯ ಮತ್ತು 1 ಟಿಬಿ ಡಿಸ್ಕ್‌ನ ಸಾಟಾ ಕೇಬಲ್ ಕಿತ್ತಿಡಿ. ಪಿಸಿ ಆರಿಸಿ, ಪ್ಲಗ್ ತೆಗೆದು ಮಾಡಿ. ಇದು ಅತಿ ಜಾಗ್ರತೆ ಅನ್ನಿಸಬಹುದು, ಆದರೆ ಮಿಂಟ್ 22ರ ಇನ್‌ಸ್ಟಾಲರ್‌ಗೆ ಬೂಟ್‌ಲೋಡರ್ (ಓಎಸ್ ಶುರು ಮಾಡಿಸುವ ಪುಟ್ಟ ಪ್ರೋಗ್ರಾಂ) ಎರಡನೇ ಡಿಸ್ಕ್‌ಗೆ ಹಾಕು ಅಂದರೂ ಮೊದಲ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೇ ಬರೆಯುವ ಹಳೇ ಚಾಳಿ ಇದೆ. ಆಮೇಲೆ ಎಂದೋ ಒಂದು ಡಿಸ್ಕ್ ತೆಗೆದಾಗ ಇನ್ನೊಂದು ಬೂಟ್ ಆಗಲ್ಲ. ಹೊಸ ಡಿಸ್ಕ್ ಒಂದೇ ಇದ್ದಾಗ "ಡಿಸ್ಕ್ ಅಳಿಸಿ ಹಾಕು" ಕೊಟ್ಟರೂ ಭಯವಿಲ್ಲ. ಮುಗಿದ ಮೇಲೆ ಕೇಬಲ್ ಜೋಡಿಸಿ, ಬಯೋಸ್‌ನಲ್ಲಿ ಮಿಂಟ್ ಡಿಸ್ಕ್ ಮೊದಲಿಗಿಡಿ, ವಿಂಡೋಸ್ ಬೇಕಾದಾಗ ಬೂಟ್ ಮೆನು ಕೀ (ಬೋರ್ಡ್ ಪ್ರಕಾರ ಎಫ್8, ಎಫ್11 ಇಲ್ಲವೇ ಎಫ್12).

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನೋ ಕಡೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತೆ, ಎನ್‌ಟಿಎಫ್‌ಎಸ್ ಡಿಸ್ಕ್ ಪೂರ್ತಿ ಮುಚ್ಚಿರಲ್ಲ. ಲಿನಕ್ಸ್‌ನಲ್ಲಿ ಅದು ಓದಲು ಮಾತ್ರ ತೆರೆಯುತ್ತೆ, ಇಲ್ಲಾ ತೆರೆಯೋದೇ ಇಲ್ಲ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಗೂಢಲಿಪಿ ಬೀಗ) ಆನ್ ಇದ್ದರೆ ಬಯೋಸ್ ಮುಟ್ಟುವ ಮೊದಲೇ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಡೇಟಾ ಡಿಸ್ಕ್ ಎನ್‌ಟಿಎಫ್‌ಎಸ್ ಆಗೇ ಇರಲಿ. ಫೋಟೊ, ಡಾಕ್ಯುಮೆಂಟ್ ಅದರಲ್ಲಿ, ಪೈಥಾನ್ ಪ್ರಾಜೆಕ್ಟ್‌ಗಳು, ಸ್ಟೀಮ್ ಲೈಬ್ರರಿ ಮಿಂಟ್ ಡಿಸ್ಕ್‌ನ ಎಕ್ಸ್‌ಟಿ4ನಲ್ಲಿ (ಲಿನಕ್ಸ್‌ನ ಫೈಲ್ ವ್ಯವಸ್ಥೆ). ಪ್ರೋಟಾನ್ ತನ್ನ ಫೋಲ್ಡರ್‌ಗಳಲ್ಲಿ "ಸಿ:" ಅಂತ ಕೋಲನ್ ಇರುವ ಹೆಸರು ಇಡುತ್ತೆ, ವಿಂಡೋಸ್‌ಗೆ ಅದು ನಿಷಿದ್ಧ. ಎನ್‌ಟಿಎಫ್‌ಎಸ್‌ನಲ್ಲಿ ಅಂಥದ್ದನ್ನು ಬರೆಸಿದರೆ ಆಟ ಏಳಲ್ಲ, ಕೆಲವೊಮ್ಮೆ ಡಿಸ್ಕ್ ದೋಷವೂ ಬರುತ್ತೆ. ಹಾಗೇನಾದರೂ ಬಂದರೆ ರಿಪೇರಿಯನ್ನು ವಿಂಡೋಸ್‌ನ ಚೆಕ್‌ಡಿಸ್ಕ್‌ನಿಂದಲೇ ಮಾಡಿಸಿ, ಲಿನಕ್ಸ್ ಕಡೆಯಿಂದ ಬೇಡ. ಬೂಟ್‌ನಲ್ಲೇ ತಾನಾಗಿ ಮೌಂಟ್ ಆಗಲಿ ಅಂದರೆ ಎಫ್‌ಎಸ್‌ಟ್ಯಾಬ್ (ಬೂಟ್‌ನಲ್ಲಿ ಯಾವ ಡಿಸ್ಕ್ ಜೋಡಿಸಬೇಕು ಅನ್ನೋ ಪಟ್ಟಿಯ ಫೈಲು) ಒಳಗೆ ಆ ಡಿಸ್ಕ್‌ನ ಸಾಲಿಗೆ "ನೋಫೇಲ್" ಸೇರಿಸಿ, ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ಬೂಟ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತೆ.

ಮಿಂಟ್‌ನಲ್ಲಿ ಸಿಸ್ಟಮ್‌ನ ಹಳೇ ಸ್ಥಿತಿ ಉಳಿಸಿಡುವ ಟೈಮ್‌ಶಿಫ್ಟ್ ಮೊದಲ ದಿನವೇ ಆನ್ ಮಾಡಿ. ಅದು ಸಿಸ್ಟಮ್ ಫೈಲುಗಳನ್ನು ಮಾತ್ರ ಕಾಯುತ್ತೆ, ಹೋಮ್ ಫೋಲ್ಡರ್‌ನ ಬ್ಯಾಕಪ್ ಬೇರೆ ಮಾಡ್ಕೊಳ್ಳಿ.

---

ಕಿಟಕಿಪಕ್ಕ

ಇನ್ನೊಂದು ಸೇರಿಸ್ತೀನಿ. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಗಂಟೆಗಟ್ಟಲೆ ತಪ್ಪು ತೋರಿಸಿದರೆ ಬ್ಯಾಟರಿ ಸತ್ತಿದೆ ಅಂದ್ಕೋಬೇಡಿ. ಬೋರ್ಡ್‌ನ ಗಡಿಯಾರದಲ್ಲಿ ಇರೋದು ಸ್ಥಳೀಯ ಸಮಯ ಅಂತ ವಿಂಡೋಸ್ ನಂಬುತ್ತೆ, ಯುಟಿಸಿ (ಜಾಗತಿಕ ಸಮಯ) ಅಂತ ಲಿನಕ್ಸ್ ನಂಬುತ್ತೆ. ಮಿಂಟ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶಕ್ಕೆ "ಸೆಟ್-ಲೋಕಲ್-ಆರ್‌ಟಿಸಿ 1" ಕೊಟ್ಟರೆ ಜಗಳ ಮುಗೀತು.