ಅಪ್ಪ ಸಿಎಂಎಲ್ ಮಾತ್ರೆ ಬಿಟ್ಟು ಬಿಟ್ಟು ತಗೋತಿದಾರೆ, ಏನ್ ಮಾಡ್ಲಿ?

ತೋಟದಮನೆ_ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪಂಗೆ ಸಿಎಂಎಲ್, ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ, ಅಂದ್ರೆ ಒಂಥರ ರಕ್ತದ ಕ್ಯಾನ್ಸರ್. ಇಮಾಟಿನಿಬ್ 400 ಎಂಜಿ ದಿನಕ್ಕೊಂದು ಬರೆದಿದಾರೆ. ಶುರುವಲ್ಲಿ ಬಿಳಿರಕ್ತಕಣ ಲಕ್ಷ ದಾಟಿತ್ತು, ಸ್ಪ್ಲೀನ್ (ಗುಲ್ಮ) ಊದ್ಕೊಂಡು ಎರಡು ತುತ್ತು ತಿಂದ್ರೆ ಹೊಟ್ಟೆ ತುಂಬಿಹೋಗ್ತಿತ್ತು, ಮಾತ್ರೆ ಶುರುವಾದ್ಮೇಲೆ ಕೌಂಟ್ ಎಲ್ಲಾ ನಾರ್ಮಲ್‌ಗೆ ಬಂದು ಈಗ ಆರಾಮಾಗಿ ತೋಟಕ್ಕೆ ಓಡಾಡ್ಕೊಂಡಿದಾರೆ. ನಾನಿರೋದು ಬೆಂಗಳೂರು, ಅವರು ಚನ್ನಗಿರಿ ಕಡೆ. ಹಬ್ಬಕ್ಕೆ ಹೋದಾಗ ಮಾತ್ರೆ ಡಬ್ಬಿ ತೆಗೆದು ನೋಡಿದ್ರೆ ತಿಂಗಳು ಮುಗೀತಾ ಬಂದ್ರೂ ಒಂದು ಸ್ಟ್ರಿಪ್ ಮುಟ್ಟೇ ಇಲ್ಲ, ಇನ್ನೊಂದ್ರಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದೆ. ಕೇಳಿದ್ರೆ "ನಂಗೇನಾಗಿದೆ ಈಗ, ಗಟ್ಟಿಮುಟ್ಟಾಗಿದೀನಲ್ಲ" ಅಂತಾರೆ. ರಕ್ತದಲ್ಲಿ ಕಾಯಿಲೆ ಎಷ್ಟು ಉಳಿದಿದೆ ಅಂತ ನೋಡೋ ಬಿಸಿಆರ್-ಎಬಿಎಲ್ ಪಿಸಿಆರ್ ಟೆಸ್ಟ್ ಈ ಸಲ 0.6 ಶೇಕಡ ಬಂದಿದೆ, ಹೋದ ಸಲ 0.08 ಇತ್ತು. ಮಾತ್ರೆ ಕೆಲಸ ಮಾಡ್ತಿಲ್ವಾ? ಬೇರೆ ಮಾತ್ರೆ ಕೊಡ್ತಾರಾ? ನಂಗೆ ಭಯ ಆಗ್ತಿದೆ, ಬೈದ್ರೂ ಕೇಳಲ್ಲ ಅವರು.

ಹಾಸನದ_ಹಳೇಪೇಷಂಟ್:
ಮೊದಲು ಬೈಯೋದು ನಿಲ್ಸಿ ತಂಗಿ. ನಾನು 2009ರಿಂದ ಇದೇ ಮಾತ್ರೆ ಮೇಲಿದೀನಿ. "ಚೆನ್ನಾಗೇ ಇದೀನಿ" ಅನ್ನೋ ಮಾತಿನ ಹಿಂದೆ ಸಾಮಾನ್ಯವಾಗಿ ಬೇರೆ ಏನೋ ಇರುತ್ತೆ, ಗಂಡಸರು ಬಾಯಿಬಿಟ್ಟು ಹೇಳಲ್ಲ. ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊದ್ಕೊಂಡಿರುತ್ತೆ, ರಾತ್ರಿ ಮೀನಖಂಡ ಹಿಡ್ಕೊಂಡು ನಿದ್ದೆ ಇರಲ್ಲ, ಕೆಲವು ದಿನ ಲೂಸ್ ಮೋಶನ್, ಎಷ್ಟೋ ಜನಕ್ಕೆ ಮೈಬಣ್ಣಾನೇ ತಿಳಿಯಾಗುತ್ತೆ. ಮದುವೆ ಮನೇಲಿ "ಏನ್ ಮುಖ ಹಿಂಗೂದಿದೆ, ಕುಡಿಯೋಕೆ ಶುರು ಮಾಡಿದ್ಯಾ" ಅಂತ ನೆಂಟರು ಕೇಳ್ತಾರೆ ನೋಡಿ, ಒಂದು ಲೋಟ ಮುಟ್ಟದೋನಿಗೆ ಅದು ಎಷ್ಟು ನಾಟುತ್ತೆ ಅಂತ ಅನುಭವಿಸಿದೋರಿಗೇ ಗೊತ್ತು. ಯಾವ ಯಾವ ದಿನ ಬಿಟ್ಟಿದಾರೆ ಅಂತ ಅಮ್ಮನ್ನ ಕೇಳಿ, ಫಂಕ್ಷನ್ನು, ಪ್ರಯಾಣ, ಅಡಿಕೆ ಕೊನೆ ಕೊಯ್ಲಿನ ದಿನ ಇರಬಹುದು.
ಇನ್ನೊಂದು, ತೋಟಕ್ಕೆ ಹೋಗೋರು ಬರೀ ಕಾಫಿ ಕುಡಿದು ಮಾತ್ರೆ ನುಂಗ್ತಾರೆ, ಹೊಟ್ಟೆ ತೊಳೆಸಿ ವಾಂತಿ ಬಂದಂಗಾಗುತ್ತೆ, ಮಾರನೇ ದಿನ ಬೇಡ ಅನ್ಸುತ್ತೆ. ಇಮಾಟಿನಿಬ್ ಊಟದ ಜೊತೆ, ದೊಡ್ಡ ಲೋಟ ನೀರಲ್ಲಿ ತಗೋಬೇಕು. ನಮ್ಮ ಡಾಕ್ಟರ್ ನಂಗೆ ರಾತ್ರಿ ಊಟಕ್ಕೆ ಬದಲಾಯಿಸಿಕೊಟ್ರು, ತಗೊಂಡ ತಕ್ಷಣ ಮಲಗಬೇಡ ಅಂದಿದಾರೆ. ನೀವೂ ಕೇಳಿ ನೋಡಿ.

ಮೆಡಿಕಲ್_ಶಾಪ್_ದಾವಣಗೆರೆ:
ಫಾರ್ಮಸಿಸ್ಟ್ ನಾನು. ಡಾಕ್ಟರ್ ಅಲ್ಲ, ಅದು ನೆನಪಿರಲಿ. ಪಿಸಿಆರ್ 0.1ಕ್ಕಿಂತ ಕೆಳಗಿರಬೇಕು ಅಂತ ನೋಡ್ತಾರೆ, ನಿಮ್ಮಪ್ಪಂದು ಕೆಳಗಿದ್ದದ್ದು ಮೇಲೆ ಬಂದಿದೆ, ಆದ್ರೆ ಅಷ್ಟಕ್ಕೇ ಮಾತ್ರೆ ಸೋತಿದೆ ಅಂತ ಅರ್ಥ ಅಲ್ಲ, ತಗೊಂಡಿದ್ರೆ ತಾನೇ ಕೆಲಸ ಮಾಡೋದು. ಬಿಟ್ಟ ದಿನಗಳ ವಿಷಯ ಡಾಕ್ಟರ್‌ಗೆ ಹೇಳ್ಲೇಬೇಕು. ಮುಚ್ಚಿಟ್ರೆ ಅವರು ರೆಸಿಸ್ಟೆನ್ಸ್, ಅಂದ್ರೆ ಕಾಯಿಲೆ ಈ ಮಾತ್ರೆಗೆ ಬಗ್ತಿಲ್ಲ ಅಂದ್ಕೊಂಡು ಡಾಸಾಟಿನಿಬ್, ನಿಲೋಟಿನಿಬ್ ಅನ್ನೋ ಬೇರೆ ಔಷಧಿ ಕಡೆ ಹೋಗ್ತಾರೆ, ನಿಲೋಟಿನಿಬ್ ಕ್ಯಾಪ್ಸೂಲ್ ಖಾಲಿ ಹೊಟ್ಟೇಲಿ ದಿನಕ್ಕೆರಡು ಸಲ, ದಿನಕ್ಕೊಂದನ್ನೇ ಬಿಡೋರು ಅದನ್ನ ಹೆಂಗೆ ಪಾಲಿಸ್ತಾರೆ ಹೇಳಿ.
ಲಂಡನ್‌ನಲ್ಲಿ 87 ಪೇಷಂಟ್‌ಗಳ ಮಾತ್ರೆ ಬಾಟಲಿ ಮುಚ್ಚಳದಲ್ಲಿ ಚಿಪ್ ಇಟ್ಟು ಮೂರು ತಿಂಗಳು ನೋಡಿದ ಅಧ್ಯಯನ 2010ರಲ್ಲಿ ಬಂತು. 90 ಶೇಕಡಕ್ಕಿಂತ ಜಾಸ್ತಿ ಡೋಸ್ ತಗೊಂಡೋರಲ್ಲಿ ಆರು ವರ್ಷಕ್ಕೆ ಆ 0.1ರ ಗುರಿ ಮುಟ್ಟೋ ಸಾಧ್ಯತೆ 94.5 ಶೇಕಡ, 90 ಅಥವಾ ಅದಕ್ಕಿಂತ ಕಮ್ಮಿ ತಗೊಂಡೋರಲ್ಲಿ ಬರೀ 28.4. ತಿಂಗಳಿಗೆ ಮೂರು ಮಾತ್ರೆ ಬಿಟ್ರೇನೇ 90ಕ್ಕೆ ಬಂದ್ಬಿಡ್ತೀರ! ಈ ಮಾತ್ರೆ ಕಾಯಿಲೆ ಬೆಳೆಸೋ ಬಿಸಿಆರ್-ಎಬಿಎಲ್ ಪ್ರೋಟೀನಿನ ಕೆಲಸ ತಡೆದು ಹಿಡಿಯುತ್ತೆ ಅಷ್ಟೇ, ಮೂಳೆ ಮಜ್ಜೆಯೊಳಗೆ ಕಾಯಿಲೆ ಕಣ ಉಳಿದಿರುತ್ತೆ, ತೋಟದಲ್ಲಿ ಕಳೆ ಮೇಲೆ ಮೇಲೆ ಕೊಯ್ದಂಗೆ ಅಂತ ಅಪ್ಪಂಗೆ ಹೇಳಿ, ಅವರಿಗೆ ಅರ್ಥ ಆಗುತ್ತೆ. ಬ್ಲಡ್ ಕೌಂಟ್ ನಾರ್ಮಲ್ ಇದ್ದಾಗ್ಲೇ ಪಿಸಿಆರ್ ಏರ್ತಾ ಇರುತ್ತೆ, ಅದಕ್ಕೇ ಅವರಿಗೆ ಗೊತ್ತಾಗ್ತಿಲ್ಲ.
ಮರೆತರೆ ಮಾರನೇ ದಿನ ಎರಡೆರಡು ತಗೋಬಾರದು. ಟಿಬಿ ಮಾತ್ರೆ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇದರ ಶಕ್ತಿ ಕಮ್ಮಿ ಮಾಡುತ್ತೆ. ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಚಕೋತ ಥರದ ಹಣ್ಣು) ಬೇಡ. ನಾಟಿ ಔಷಧಿ ಏನಾದ್ರೂ ನಡೀತಿದ್ರೆ ಅದನ್ನೂ ಡಾಕ್ಟರ್‌ಗೆ ಹೇಳಿ.

ಕರಾವಳಿ_ಹುಡುಗ:
ನಮ್ಮ ಮಾವ ಮಾತ್ರೆ ಪೂರ್ತಿ ನಿಲ್ಸಿ ಎರಡು ವರ್ಷ ಆಯ್ತು, ಏನೂ ಆಗಿಲ್ಲ. ಸುಮ್ನೆ ಹೆದರಿಸ್ಬೇಡಿ.

ಮೆಡಿಕಲ್_ಶಾಪ್_ದಾವಣಗೆರೆ:
@ಕರಾವಳಿ_ಹುಡುಗ ನಿಮ್ಮ ಮಾವ ಡಾಕ್ಟರ್ ಹೇಳಿ ನಿಲ್ಲಿಸಿರಬೇಕು, ಕೇಳಿ ನೋಡಿ. ವರ್ಷಗಟ್ಟಲೆ ಮಾತ್ರೆ ತಗೊಂಡು ಪಿಸಿಆರ್‌ನಲ್ಲಿ ಬಹಳ ಕೆಳಗೆ ಸ್ಥಿರವಾಗಿ ನಿಂತೋರಿಗೆ ಮಾತ್ರ ಹಂಗೆ ಪ್ರಯತ್ನ ಮಾಡ್ತಾರೆ, ಶುರುವಲ್ಲಿ ಹೆಚ್ಚುಕಮ್ಮಿ ತಿಂಗಳಿಗೊಂದು ಟೆಸ್ಟ್ ಇರುತ್ತೆ. ಅವರಲ್ಲೂ ಸುಮಾರು ಅರ್ಧ ಜನಕ್ಕೆ ಮತ್ತೆ ಬರುತ್ತೆ, ಹೆಚ್ಚಿನೋರಿಗೆ ಮೊದಲ ಆರು ತಿಂಗಳಲ್ಲೇ. 0.6 ಇರೋರು ಬಿಟ್ಟು ಬಿಟ್ಟು ತಗೊಳ್ಳೋದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ದಯವಿಟ್ಟು ಇಂಥದ್ದನ್ನ ಹಿಂದುಮುಂದು ಹೇಳದೆ ಬರೀಬೇಡಿ, ಯಾರಾದ್ರೂ ಓದಿ ನಿಲ್ಲಿಸಿಬಿಡ್ತಾರೆ.

ಸೋದರಿ_ಕಲಬುರಗಿ:
ದುಡ್ಡಿನ ವಿಷಯಾನೂ ವಿಚಾರಿಸ್ರಿ ಅಕ್ಕ. ನಮ್ಮ ಅವ್ವ ಮಾತ್ರೆ ಉಳಸ್ಲಿಕ್ಕೆ ಅಂತ ಒಂದಿನ ಬಿಟ್ಟು ಒಂದಿನ ತಗೊಳ್ತಿದ್ಳು, ಮಕ್ಕಳಿಗೆ ಭಾರ ಆಗಬಾರ್ದು ಅಂತ. 2013ರಾಗ ಸುಪ್ರೀಂ ಕೋರ್ಟ್ ಈ ಮಾತ್ರಿ ತಂದ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಕೊಡಂಗಿಲ್ಲ ಅಂದದ್ದಕ್ಕ ಬೇರೆ ಕಂಪನಿ ಮಾಡೋ ಅದೇ ಔಷಧಿ, ಜೆನೆರಿಕ್, ನಮ್ ಕೈಗೆ ಎಟಕೋ ರೇಟಿಗೆ ಉಳೀತು, ಆದ್ರೂ ಪ್ರತಿ ತಿಂಗಳ ಅಂದ್ರ ಹಳ್ಳ್ಯಾಗ ಭಾರಾನೇ. ನಾವು ಹೋಗೋ ಆಸ್ಪತ್ರಿಯಾಗ ಒಮ್ಮೊಮ್ಮೆ ಸ್ಟಾಕ್ ಇರಂಗಿಲ್ಲ, ದಿನಗೂಲಿ ಬಿಟ್ಟು ಬಸ್ಸಿನಾಗ ಹೋದೋರ್ನ ಮುಂದಿನ ವಾರ ಬರ್ರಿ ಅಂತಾರ, ಅದು ಪೇಷಂಟ್ ತಪ್ಪಾ? ಹತ್ತು ಮಾತ್ರಿ ಉಳಿದಾಗ್ಲೇ ಮುಂದಿಂದು ತರಿಸಿಟ್ಟುಬಿಡ್ರಿ.

ತೋಟದಮನೆ_ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಫೋನಲ್ಲಿ ಬೈಯದೆ ನಿಧಾನಕ್ಕೆ ಕೇಳ್ದೆ, ಹಾಸನದ ಅಣ್ಣ ಹೇಳಿದಂಗೇ ಆಯ್ತು, ರಾತ್ರಿಯೆಲ್ಲಾ ಕಾಲು ಹಿಡ್ಕೊಳ್ಳುತ್ತಂತೆ, ಅಮ್ಮಂಗೂ ಹೇಳಿಲ್ಲ. ಡಾಕ್ಟರ್ ಹತ್ರ ನಾನೇ ಜೊತೆಗೆ ಹೋಗ್ತೀನಿ, ಸ್ಟ್ರಿಪ್ಪುಗಳನ್ನೂ ಹಂಗೇ ತಗೊಂಡು ಹೋಗಿ ತೋರಿಸ್ತೀನಿ. ಇನ್ನೊಂದು ಕೇಳ್ಬೇಕು, ಏಕಾದಶಿ ಉಪವಾಸ ಬಿಡಲ್ಲ ಅವರು, ಆವತ್ತು ಏನ್ ಮಾಡೋದು?

ಹಾಸನದ_ಹಳೇಪೇಷಂಟ್:
ನಮ್ಮನೇಲೂ ಉಪವಾಸ ಇದೆ. ಅವಲಕ್ಕಿ ಮೊಸರು ತಿಂದು ಮೇಲೆ ತುಂಬಾ ನೀರು ಕುಡಿದು ಮಾತ್ರೆ ತಗೋತೀನಿ. ನೀರೂ ಮುಟ್ಟದ ಉಪವಾಸ ಆದ್ರೆ ಬೇಡ ಅನ್ನಿ, ಡಾಕ್ಟರ್ ಬಾಯಲ್ಲೇ ಹೇಳಿಸಿದ್ರೆ ಕೇಳ್ತಾರೆ. ಕಾಲು ಹಿಡಿಯೋದಕ್ಕೆ ಅವರೇ ಏನಾದ್ರೂ ಕೊಡ್ತಾರೆ, ಮುಂದಿನ ಪಿಸಿಆರ್ ಬಂದ್ಮೇಲೆ ಇಲ್ಲಿ ಬರೀರಿ.